ಮೇಲಿಂದ ಮೂರನೇದು

ಎಲ್ಲಕ್ಕೂ ಕಾರಣ ಒಂದು ಗಿಳಿ. ಅದೂ ರೆಕ್ಕೆಪುಕ್ಕ ಇದ್ದ ಗಿಳಿಯಲ್ಲ, ಇನ್ನೂ ಕಾಗದದ ಮೇಲೆ ಇಳಿಯದಿದ್ದ ಗಿಳಿ.

ಬೆಳಿಗ್ಗೆ ರವಾನೆ ಗುಮಾಸ್ತ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಅದರ ಜೋಡಿಯನ್ನು ಮಂಚದ ಕೆಳಗೆ ತಡಕಾಡುತ್ತಿದ್ದ. ಮೂರನೇ ಕ್ಲಾಸಿನ ಮಗಳು ಅಲ್ಲಿಗೇ ಬಗ್ಗಿ ಮುಖ ತೋರಿಸಿದಳು.

“ಅಪ್ಪಾ, ನಾಳೆ ಗೋಡೆಪತ್ರಿಕೆಗೆ ಗಿಳಿ ಬೇಕು. ನಮ್ಮಪ್ಪನ ಆಫೀಸಲ್ಲಿ ದೊಡ್ಡ ಮಿಷನ್ನಿದೆ, ಅವರೇ ಪ್ರಿಂಟ್ ಹಾಕಿ ತರ್ತಾರೆ ಅಂತ ಮಿಸ್‌ಗೆ ಹೇಳಿದೀನಿ. ಮಿಸ್ಸು, ಬಣ್ಣ...”

“ಬಣ್ಣದ್ದೇ ತರ್ತೀನಿ ಬಿಡು!” ಎಂದ ಗುಮಾಸ್ತ ಮಂಚದ ಕೆಳಗಿನಿಂದಲೇ. ಎದುರಿನವರ ಮಾತನ್ನು ಅರ್ಧಕ್ಕೇ ಕಸಿದುಕೊಂಡು ತಾನೇ ಮುಗಿಸಿಕೊಡುವುದು ಅವನ ಅಭ್ಯಾಸ. ಇದರಿಂದ ಇಬ್ಬರಿಗೂ ಹೊತ್ತು ಉಳಿಯುತ್ತದೆ ಎಂಬುದು ಅವನ ನಂಬಿಕೆ. “ನಮ್ಮ ಮಿಷನ್ನಿಗೆ ಬಣ್ಣ ಅಂದ್ರೆ ನೀರು ಕುಡಿದಷ್ಟು ಸುಲಭ. ನನ್ನ ಮಾತು ಅಂದ್ರೆ ಹೇಳಿದ ಹಾಗೆ ಕೇಳುತ್ತೆ ಅದು.”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದಳು. “ಮನೇಲಿರೋ ಅಲಾರಾಂ ಗಡಿಯಾರವೇ ನಿಮ್ಮ ಮಾತು ಕೇಳಲ್ಲ. ಮಿಸ್ಸು ನನ್ನ ಫೋನಿಗೆ ಗಿಳಿ ಕಳಿಸಿದಾರೆ, ಒಂದ್ಸಲ ನೋಡ್ಕೊಂಡು ಹೋಗಿ.”

“ನೋಡೋದೇನೇ ಅದರಲ್ಲಿ? ಗಿಳಿ ಅಂದ್ರೆ ಗಿಳಿ. ಅದಕ್ಕಿಂತ ಚೆನ್ನಾಗಿರೋದನ್ನ ನಾನೇ ಹುಡುಕ್ತೀನಿ.”

“ಬೇಡ ರೀ, ಬೀದಿ ಕೊನೇಲಿರೋ ಅಂಗಡೀಲಿ ಹಾಕಿಸ್ಕೊಂಡ್ ಬನ್ನಿ. ಸುಮ್ನೆ ಯಾಕೆ ರಗಳೆ?”

“ಅಂಗಡೀಲಾ?” ಗುಮಾಸ್ತ ಮಂಚಕ್ಕೆ ತಲೆ ಬಡಿಸಿಕೊಂಡು ಹೊರಬಂದ. “ಮಗಳು ಇಡೀ ಕ್ಲಾಸಿಗೆ ಸಾರಿಬಿಟ್ಟಿದಾಳೆ. ಗಿಳಿ ಬಂದ್ರೆ ನಮ್ಮ ಆಫೀಸಿನ ಮಿಷನ್ನಿಂದಲೇ ಬರಬೇಕು. ಇಲ್ಲಾಂದ್ರೆ ನಾನು ಇವಳಪ್ಪನೇ ಅಲ್ಲ!”

“ಹಾಗೆಲ್ಲ ಆಣೆ ಇಡಬೇಡಿ,” ಎಂದಳು ಹೆಂಡತಿ, “ಆಮೇಲೆ ನಾನು ಎಲ್ಲರಿಗೂ ಉತ್ತರ ಹೇಳ್ಬೇಕಾಗುತ್ತೆ.”

ನಿಜ ಹೇಳಬೇಕೆಂದರೆ ಆ ಮಿಷನ್ನು ಗುಮಾಸ್ತನ ಮಾತನ್ನು ಒಂದು ದಿನವೂ ಕೇಳಿರಲಿಲ್ಲ. ಆಫೀಸಿನ ಮೂಲೆಯಲ್ಲಿ ಮಲಗಿದ ಎಮ್ಮೆಯಷ್ಟು ಜಾಗ ಹಿಡಿದು ಕೂತಿದ್ದ ಅದು ಪ್ರಿಂಟು, ಕಾಪಿ, ಸ್ಕ್ಯಾನು, ಫ್ಯಾಕ್ಸು ಎಲ್ಲವನ್ನೂ ಒಂದೇ ಹೊಟ್ಟೆಯಿಂದ ಮಾಡುತ್ತಿತ್ತು. ಬಣ್ಣವೂ ಬರುತ್ತಿತ್ತಂತೆ. ‘ಅಂತೆ’ ಏಕೆಂದರೆ ಕಂಡವರಿರಲಿಲ್ಲ. ಸಾಹೇಬರ ಲೆಕ್ಕದಲ್ಲಿ ಬಣ್ಣದ ಇಂಕೆಂದರೆ ಮನೆಯ ಬೆಳ್ಳಿ ತಟ್ಟೆ ಇದ್ದ ಹಾಗೆ, ಇರಬೇಕು, ತೆಗೆಯಬಾರದು. ‘ಬಣ್ಣ ಮುಟ್ಟಬಾರದು. ಸ್ವಂತ ಕೆಲಸಕ್ಕೆ ಬಳಸಬಾರದು’ ಎಂದು ದಪ್ಪಕ್ಷರದಲ್ಲಿ ಬರೆಸಿ ಮಿಷನ್ನಿನ ಹಣೆಗೇ ಅಂಟಿಸಿದ್ದರು.

ಇನ್ನು ಅದನ್ನು ನಡೆಸುವ ರೀತಿ. ಮಿಷನ್ನಿನ ಪರದೆಯ ಮೇಲೆ ಬರುವುದೆಲ್ಲ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಮೊದಲ ದಿನ ಮೆಕ್ಯಾನಿಕ್ಕು ಬಂದು ಪಟಪಟನೆ ಬೆರಳಾಡಿಸಿ, “ಇಷ್ಟೇ, ತುಂಬಾ ಈಸಿ,” ಎಂದು ಹೊರಟುಹೋಗಿದ್ದ. ಅವನ ಬೆರಳು ಹೋದ ದಾರಿಯನ್ನೇ ಆಫೀಸು ಮಗ್ಗಿಯಂತೆ ಉರುಹೊಡೆದಿತ್ತು. “ಮೇಲಿಂದ ಮೂರನೇದು, ಒಳಗೆ ಕೊನೇದು, ಆಮೇಲೆ ಹಸಿರು.” ಅಷ್ಟು ಒತ್ತಿದರೆ ಪೆನ್‌ಡ್ರೈವಿನಲ್ಲಿದ್ದದ್ದು ಕಾಗದಕ್ಕೆ ಬರುತ್ತಿತ್ತು. ಒತ್ತಿದ್ದರ ಮೇಲೆ ಏನು ಬರೆದಿದೆ ಎಂದು ಯಾರೂ ಓದಿರಲಿಲ್ಲ. ಕತ್ತಲಲ್ಲಿ ಮನೆಯ ಸ್ವಿಚ್ಚು ಹುಡುಕುವವನು ಗೋಡೆಯನ್ನು ಓದುತ್ತಾನೆಯೇ?

ಆ ದಿನ ಬೆಳಿಗ್ಗೆ ಮಿಷನ್ನು ತಾನಾಗಿಯೇ ಏನೋ ಕೇಳಿತ್ತು. ಪರದೆಯ ತುಂಬ ಉದ್ದದ ಬರಹ, ಕೆಳಗೊಂದು ‘ಓಕೆ’. ಟೈಪಿಸ್ಟ್ ಅಕ್ಕ ಅದನ್ನು ಓದದೆ, ಬಾಗಿಲಿಗೆ ಬಂದ ಮಾರಾಟಗಾರನನ್ನು ಸಾಗಹಾಕುವಂತೆ ‘ಓಕೆ’ ಒತ್ತಿ ಸಾಗಹಾಕಿದ್ದಳು. ಮಿಷನ್ನು ಸ್ವಲ್ಪ ಹೊತ್ತು ಗೊರಗುಟ್ಟಿ, ಎದ್ದು, ಮತ್ತೆ ಸುಮ್ಮನಾಗಿತ್ತು. ಸಂಜೆಯೊಳಗೆ ಮೇಲಿನ ಆಫೀಸಿಗೆ ಹೋಗಬೇಕಾದ ವರದಿಯನ್ನು ಎಲ್ಲರೂ ಬಗ್ಗಿಕೊಂಡು ತಯಾರು ಮಾಡುತ್ತಿದ್ದರಿಂದ ಮಧ್ಯಾಹ್ನದವರೆಗೆ ಅದರ ಹತ್ತಿರ ಯಾರೂ ಸುಳಿಯಲಿಲ್ಲ.

ಊಟದ ಹೊತ್ತಾಯಿತು. ಸಾಹೇಬರು ಊಟ ಮುಗಿಸಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ಗೊರಕೆಯ ಮೊದಲ ಚರಣ ಕೇಳಿಸಿದ ಕೂಡಲೇ ಗುಮಾಸ್ತ ಎದ್ದ. ಜೇಬಿನಿಂದ, ತಾನೇ ಹುಡುಕಿದ ಗಿಳಿಯನ್ನು ತುಂಬಿಕೊಂಡಿದ್ದ ಪೆನ್‌ಡ್ರೈವ್ ತೆಗೆದು ಮಿಷನ್ನಿಗೆ ಸಿಕ್ಕಿಸಿ, ಹಣೆಯ ಮೇಲಿನ ಆಜ್ಞೆಯನ್ನು ನೋಡದವನಂತೆ ನೋಡಿ, ಒತ್ತಿದ. ಮೇಲಿಂದ ಮೂರನೇದು. ಒಳಗೆ ಕೊನೇದು. ಆಮೇಲೆ ಹಸಿರು.

ಮಿಷನ್ನು ಗುಂಯ್‌ಗುಟ್ಟಿತು. ಒಂದು ಹಾಳೆ ಹೊರಗೆ ಬಂತು.

ಗಿಳಿಯಿಲ್ಲ. ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಕಪ್ಪು ಅಕ್ಷರ, ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

“ಏಯ್, ನಿಲ್ಲು,” ಎಂದು ಗುಮಾಸ್ತ ಪಿಸುಗುಟ್ಟಿದ. ಮಿಷನ್ನು ನಿಲ್ಲಲಿಲ್ಲ. ಕೆಂಪು ಗುಂಡಿ ಒತ್ತಿದ. ಪರದೆ ಏನೋ ಪ್ರಶ್ನೆ ಕೇಳಿತು. ಅದಕ್ಕೆ ಉತ್ತರ ಉರುಹೊಡೆದವರು ಆಫೀಸಿನಲ್ಲಿ ಯಾರೂ ಇರಲಿಲ್ಲ. ಹಾಳೆಗಳು ಬರುತ್ತಲೇ ಇದ್ದವು.

“ಏನಪ್ಪಾ, ನೀನೊಬ್ಬನೇ ಇಡೀ ವರದಿ ಹಾಕ್ತಿದೀಯಾ?” ಡಬ್ಬಿ ತೊಳೆದುಕೊಂಡು ಬಂದ ಟೈಪಿಸ್ಟ್ ಅಕ್ಕ ಹೆಗಲ ಮೇಲಿಂದ ಇಣುಕಿದಳು.

ಗುಮಾಸ್ತ ಗಿಳಿಯ ವಿಷಯವನ್ನು ಒಂದೇ ಉಸಿರಿಗೆ ಉಸುರಿದ. ಅಕ್ಕನಿಗೂ ಮಕ್ಕಳಿದ್ದರು, ಮನಸ್ಸು ಕರಗಿತು. “ಅಯ್ಯೋ, ಮಗೂದಾ? ಸರಿ ಬಿಡು. ನೀನು ಒತ್ತಿದ್ದು ತಪ್ಪಾಗಿರುತ್ತೆ. ನಿನ್ನ ಬೆರಳು ದಪ್ಪ. ನಾನು ತೋರಿಸ್ತೀನಿ ನೋಡು, ನಿಧಾನಕ್ಕೆ.” ಎಂದು, ಮಗುವಿನ ಕೈಹಿಡಿದು ಅ ಆ ಬರೆಸುವ ಗಾಂಭೀರ್ಯದಿಂದ ಒತ್ತಿದಳು. ಮೇಲಿಂದ ಮೂರನೇದು. ಒಳಗೆ ಕೊನೇದು. ಆಮೇಲೆ ಹಸಿರು.

ಮಿಷನ್ನು ಹೊಸ ಹುಮ್ಮಸ್ಸಿನಿಂದ ಇರುವೆಗಳನ್ನು ಕಕ್ಕತೊಡಗಿತು.

“ಏನದು ಗಲಾಟೆ?” ಎಂದು ಬಂದದ್ದು ಅರ್ಧ ವಕೀಲ. ಅವನು ಲೆಕ್ಕಪತ್ರ ವಿಭಾಗದವನು. ಕಾನೂನು ಓದಲು ಹೋಗಿ ನಡುವೆಯೇ ಬಿಟ್ಟಿದ್ದರಿಂದ ಆ ಹೆಸರು. ಓದು ನಿಂತರೂ ವಾದ ನಿಂತಿರಲಿಲ್ಲ. “ಸರೀರಿ ಸರೀರಿ. ಇಬ್ಬರೂ ಆತುರಗೆಟ್ಟು ಒತ್ತಿದೀರಿ. ಇದಕ್ಕೊಂದು ಕ್ರಮ ಇದೆ.” ಅವನ ಕ್ರಮವೂ ಮೇಲಿಂದ ಮೂರನೇದೇ ಆಗಿತ್ತು.

ಈಗ ತಟ್ಟೆ ತುಂಬಿ ಹಾಳೆಗಳು ನೆಲಕ್ಕೆ ಜಾರಲಾರಂಭಿಸಿದವು. ಗುಮಾಸ್ತ ಅವನ್ನು ಬಾಚಿ ಬಾಚಿ ಮೊದಲು ತನ್ನ ಚೀಲಕ್ಕೆ, ಆಮೇಲೆ ಅಕ್ಕನ ಚೀಲಕ್ಕೆ, ಆಮೇಲೆ ಕಪಾಟಿನ ಹಿಂದಕ್ಕೆ ತುರುಕಿದ. ಕೊನೆಗೆ ಹಲ್ಲು ಕಚ್ಚಿ ಗೋಡೆಯಿಂದ ಮಿಷನ್ನಿನ ಪ್ಲಗ್ಗನ್ನೇ ಕಿತ್ತ. ಮಿಷನ್ನು ಸತ್ತಿತು. ಮೂವರೂ ನಿಟ್ಟುಸಿರು ಬಿಟ್ಟರು. ಮತ್ತೆ ಸಿಕ್ಕಿಸಿದ. ಮಿಷನ್ನು ಕಣ್ಣು ಬಿಟ್ಟು, ತಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಂಡು, ನೆನಪಾಗದೆ, ಮೊದಲನೇ ಪುಟದಿಂದ ಶುರುಮಾಡಿತು.

“ಇದು ಬರೆದಿರೋದಾದ್ರೂ ಏನು?” ಎಂದಳು ಅಕ್ಕ.

ಆಗಲೇ ಮೊದಲ ಬಾರಿಗೆ ಯಾರಿಗೋ ಅದನ್ನು ಓದಬೇಕು ಅನ್ನಿಸಿದ್ದು. ಅರ್ಧ ವಕೀಲ ಒಂದು ಹಾಳೆ ಎತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ. ಓದುತ್ತ ಓದುತ್ತ ಅವನ ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ಕಳೆ ಬಂತು. “ಲೈಸೆನ್ಸು ಕಣ್ರೀ! ಈ ಮಿಷನ್ನಿನ ಒಳಗೆ ಒಂದು ತಂತ್ರಾಂಶ ಇದೆ ಅಲ್ವಾ, ಇದನ್ನ ನಡೆಸೋ ಬುದ್ಧಿ, ಅದನ್ನ ಊರೂರಿನ ಜನ ಸೇರಿ ಬರೆದು ಲೋಕಕ್ಕೆಲ್ಲ ಬಿಟ್ಟಿದಾರಂತೆ. ಓಪನ್ ಸೋರ್ಸ್ ಅಂತ. ಯಾರು ಬೇಕಾದ್ರೂ ಯಾವ ಕೆಲಸಕ್ಕೆ ಬೇಕಾದ್ರೂ ಬಳಸಬಹುದು. ತಿದ್ದಬಹುದು. ಇನ್ನೊಬ್ಬರಿಗೆ ಕೊಡಬಹುದು. ಆ ಕರಾರೆಲ್ಲ ಇದು.”

“ಯಾವ ಕೆಲಸಕ್ಕೆ ಬೇಕಾದ್ರೂ?” ಗುಮಾಸ್ತನ ಬೆನ್ನು ನೆಟ್ಟಗಾಯಿತು. “ಇನ್ನೊಂದ್ಸಲ ಓದಿ ವಕೀಲರೇ.”

“ಯಾವ ಕೆಲಸಕ್ಕೆ ಬೇಕಾದ್ರೂ.”

“ಗಿಳಿಗೂ?”

“ಗಿಳಿ ಬೇಡ ಅಂತ ಎಲ್ಲೂ ಬರೆದಿಲ್ಲ.”

ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಒಂದು ಹಾಳೆ ಎದ್ದು, ನೆಲದ ಮೇಲೆ ಸರ್ರನೆ ಜಾರಿ, ಸಾಹೇಬರ ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ಗೊರಕೆ ನಿಂತಿತು. ಬಾಗಿಲು ತೆರೆಯಿತು. ಕೂದಲು ಒಂದು ಕಡೆಗೆ ಎದ್ದು ನಿಂತ ಸಾಹೇಬರು, ಕೈಯಲ್ಲಿ ಆ ಹಾಳೆ.

“ಯಾವುದಕ್ಕೂ ಯಾವ ಖಾತರಿಯೂ ಇಲ್ಲ ಅಂತ ಬರೆದಿದೆ,” ಎಂದರು ಸಾಹೇಬರು. “ಮಿಷನ್ನಿಗೆ ಖಾತರಿ ಇದೆ ಅಂತ ನಾನು ಸಹಿ ಹಾಕಿ ತಗೊಂಡಿದೀನಿ. ಯಾರು ಕಿತ್ತಿದ್ದು ಆ ಖಾತರೀನಾ?”

ಆಮೇಲೆ ಅವರಿಗೆ ನೆಲ ಕಂಡಿತು. ನೆಲ ಅಂದರೆ ನೆಲವಲ್ಲ, ಕಾಗದ.

ಓಡಿಹೋಗುವುದಾದರೆ ಅದೇ ಗಳಿಗೆ. ಬೀದಿ ಕೊನೆಯ ಅಂಗಡಿ ಗುಮಾಸ್ತನ ಕಣ್ಣ ಮುಂದೆ ಒಮ್ಮೆ ಹಾದುಹೋಯಿತು. ಅದರ ಹಿಂದೆಯೇ ‘ನಮ್ಮಪ್ಪ’ ಎಂದು ತಲೆಯೆತ್ತಿ ಹೇಳುವ ಮಗಳ ಮುಖವೂ ಹಾದುಹೋಯಿತು. ಅವನು ಒಂದು ಹೆಜ್ಜೆ ಮುಂದಿಟ್ಟ.

“ಸಾರ್, ನಾನೇ ಒತ್ತಿದ್ದು. ಮಗಳಿಗೊಂದು ಗಿಳಿ ಬೇಕಿತ್ತು. ತಪ್ಪಿಲ್ಲ ಸಾರ್. ಯಾರು ಬೇಕಾದ್ರೂ ಯಾವ ಕೆಲಸಕ್ಕೆ ಬೇಕಾದ್ರೂ ಬಳಸಬಹುದು ಅಂತ ಲೈಸೆನ್ಸಲ್ಲೇ ಇದೆ.”

“ಹೌದಾ? ಹಾಗಾದ್ರೆ ಬೀದೀಲಿ ಹೋಗೋರನ್ನೂ ಕರೀರಿ! ಹಣ್ಣಿನ ಗಾಡಿಯವನಿಗೂ ಒಂದು ಪ್ರಿಂಟ್ ಹಾಕ್ಕೊಡಿ!”

“ಕಾನೂನಿನ ಪ್ರಕಾರ, ಅವನೂ ತಂತ್ರಾಂಶ ಬಳಸಬಹುದು ಸಾರ್,” ಎಂದ ಅರ್ಧ ವಕೀಲ. “ಇಂಕು, ಕಾಗದದ ವಿಷಯದಲ್ಲಿ ಮಾತ್ರ ಲೈಸೆನ್ಸು ಮೌನವಾಗಿದೆ. ಇನ್ನೊಂದಿದೆ ಸಾರ್. ಆ ತಂತ್ರಾಂಶದ ಮೂಲ ಬರಹ ಇರುತ್ತಲ್ಲ, ಸೋರ್ಸ್ ಕೋಡ್ ಅಂತ, ಅದನ್ನ ನಾವು ಕೇಳಿದ್ರೆ ಅವರು ಕೊಡಲೇಬೇಕು.”

ಕೊಡಲೇಬೇಕು ಎಂಬ ಮಾತು ಸಾಹೇಬರಿಗೆ ಹಿಡಿಸಿತು. ಅವರಿಗೆ ಯಾರೂ ಏನೂ ಕೊಟ್ಟು ಬಹಳ ಕಾಲವಾಗಿತ್ತು. ಅಲ್ಲಿಂದಲೇ ಮೆಕ್ಯಾನಿಕ್ಕಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು.

“ಸಾರ್, ನಿಮ್ಮಲ್ಲೂ ಇದೇ ಕತೆನಾ?” ಎಂದಿತು ಮೆಕ್ಯಾನಿಕ್ಕಿನ ಸುಸ್ತಾದ ದನಿ. “ಬೆಳಿಗ್ಗೆಯಿಂದ ಊರೆಲ್ಲ ಇದೇ ಫೋನು. ಖಾತರಿ ಇಲ್ಲ ಅನ್ನೋದು ಒಳಗಿನ ತಂತ್ರಾಂಶ ಬರೆದೋರ ಮಾತು ಸಾರ್. ನಿಮ್ಮ ಮಿಷನ್ನಿನ ಗ್ಯಾರಂಟಿ ನಮ್ದು, ಅದು ಹಾಗೇ ಇದೆ.”

“ಅದಿರಲಿ. ನಮಗೆ ಮೂಲ ಬರಹ ಬೇಕು. ನಮ್ಮ ಹಕ್ಕು!”

“ಕೊಡಿಸೋಣ ಸಾರ್. ಪ್ರಿಂಟ್ ಹಾಕಿಸಿ ಇಟ್ಕೊಳ್ತೀರಾ? ಎರಡು ಲಾರಿ ಕಾಗದ ಆಗುತ್ತೆ.”

ಸಾಹೇಬರು ಹಕ್ಕನ್ನು ಅಲ್ಲಿಗೇ ಬಿಟ್ಟುಕೊಟ್ಟರು. “ಮೊದಲು ಇದು ನಿಲ್ಲೋದು ಹೇಗೆ ಹೇಳಿ ಮಾರಾಯ್ರೆ!”

“ಕೆಂಪು ಒತ್ತಿ. ‘ಎಲ್ಲವನ್ನೂ ರದ್ದು ಮಾಡಲೇ?’ ಅಂತ ಕೇಳುತ್ತೆ. ‘ಹೌದು’ ಅನ್ನಿ.”

ಅರ್ಧ ವಕೀಲ ಪರದೆಗೆ ಮೂಗು ತಾಗಿಸಿ ‘ಹೌದು’ ಹುಡುಕಿದ. ಮಿಷನ್ನು ನಿಂತಿತು. ಫೋನಿನಲ್ಲಿ ಮೆಕ್ಯಾನಿಕ್ಕಿನ ದನಿ ಮುಂದುವರಿಯಿತು.

“ಇವತ್ತು ಬೆಳಿಗ್ಗೆ ಅದಕ್ಕೆ ಹೊಸ ಅಪ್‌ಡೇಟ್ ಬಂದಿದೆ ಸಾರ್. ಮೆನುವಿನ ತಲೆ ಮೇಲೆ ಒಂದು ಸಾಲು ಹೊಸದಾಗಿ ಸೇರಿದೆ. ಮೂರನೇದು ನಾಲ್ಕಕ್ಕೆ ಹೋಗಿದೆ, ಎರಡನೇದು ಮೂರಕ್ಕೆ ಬಂದಿದೆ, ಅದರೊಳಗಿನ ಕೊನೇದೇ ಈ ಲೈಸೆನ್ಸು. ಏನಿಲ್ಲ, ಓದಿ ಒತ್ತಿ.”

“ಓದಿ ಒತ್ತೋದಾ?” ಎಂದಳು ಅಕ್ಕ, ಊಟಕ್ಕೆ ಮೊದಲು ಅಕ್ಕಿ ಎಣಿಸಿ ಎಂದು ಯಾರೋ ಹೇಳಿದಂತೆ.

ಸಾಹೇಬರು ಫೋನಿಡುವ ಹೊತ್ತಿಗೆ ಮಿಷನ್ನು ಒಂದು ಹೊಸ ದೀಪ ಉರಿಸಿತ್ತು. ಓದಿ ನೋಡಿದರೆ, ಕಪ್ಪು ಇಂಕು ಖಾಲಿ. ಇದ್ದಬದ್ದ ಕಪ್ಪೆಲ್ಲ ಲೈಸೆನ್ಸಿನ ಅಕ್ಷರವಾಗಿ ನೆಲದ ಮೇಲೆ ಬಿದ್ದಿತ್ತು. ಹೊಸದಕ್ಕೆ ಮೇಲಿನ ಆಫೀಸಿನ ಮಂಜೂರಾತಿ ಬರಬೇಕು. ಅಲ್ಲಿಂದ ಮಂಜೂರಾತಿ ಬರುವುದೆಂದರೆ ಬೆಟ್ಟ ನಡೆದು ಬಂದ ಹಾಗೆ. ಇತ್ತ ವರದಿ ಸಂಜೆಯೊಳಗೆ ಹೋಗಲೇಬೇಕು.

ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಮನೆಯ ಬೆಳ್ಳಿ ತಟ್ಟೆ ಮಾರಲು ಒಪ್ಪಿದವರ ದನಿಯಲ್ಲಿ ಹೇಳಿದರು: “ಬಣ್ಣ ತೆಗೀರಿ. ವರದಿ ನೀಲೀಲಿ ಹೋಗಲಿ.”

“ಸಾರ್, ಆ ಬಣ್ಣ ಇಷ್ಟು ದಿನ ಕೂತು ಒಣಗಿದ್ರೆ?” ಎಂದಳು ಅಕ್ಕ. “ವರದಿ ಹಾಕೋ ಮೊದಲು ಬೇರೆ ಏನಾದ್ರೂ ಹಾಕಿ ನೋಡಬೇಕು. ಎಲ್ಲ ಬಣ್ಣಾನೂ ಇರೋ ಅಂಥದ್ದು.”

“ಈಗ ಎಲ್ಲಿಂದ ತರೋದು? ಯಾರ ಹತ್ರಾನಾದ್ರೂ ಬಣ್ಣದ ಚಿತ್ರ ಇದೆಯಾ?”

ಅಕ್ಕ ಗುಮಾಸ್ತನ ಕಾಲು ತುಳಿದಳು.

“ಸಾರ್,” ಎಂದ ಗುಮಾಸ್ತ, “ನನ್ನ ಹತ್ರ ಒಂದು ಗಿಳಿ ಇದೆ.”

ಸಾಹೇಬರು ಅವನನ್ನು ಒಂದು ಗಳಿಗೆ ನುಂಗುವಂತೆ ನೋಡಿದರು. ಆಮೇಲೆ ಗಡಿಯಾರ ನೋಡಿದರು. “ಹಾಕಿ.”

ಗುಮಾಸ್ತ ಪರದೆಯನ್ನು ಅಕ್ಷರ ಅಕ್ಷರವಾಗಿ ಓದಿ, ಪ್ರತಿಯೊಂದು ಸಾಲಿಗೂ ಅಕ್ಕನಿಂದ ಹೌದೆನಿಸಿಕೊಂಡು, ಒತ್ತಿದ. ಮಿಷನ್ನು ನಿಧಾನವಾಗಿ, ಹೊಸ ಸೀರೆ ಮಡಿಕೆ ಬಿಚ್ಚಿದ ಹಾಗೆ, ಹಾಳೆಯನ್ನು ಹೊರಗೆ ಬಿಟ್ಟಿತು. ಮೊದಲು ಕೆಂಪು ಕೊಕ್ಕು. ಆಮೇಲೆ ಹಸಿರು ಕತ್ತು. ಆಮೇಲೆ ಹಸಿರೊಳಗೆ ಹಸಿರಾಗಿ ರೆಕ್ಕೆ, ಹಳದಿ ಅಂಚು, ನೀಲಿ ಬಾಲ. ನಾಲ್ವರೂ ಬಾಯಿ ತೆರೆದುಕೊಂಡು ನಿಂತರು. ಆ ಕಂದು ಗೋಡೆಯ ಆಫೀಸಿನಲ್ಲಿ ಅಷ್ಟು ಬಣ್ಣ ಯಾರೂ ಕಂಡಿರಲಿಲ್ಲ.

“ಚೆನ್ನಾಗಿದೆ,” ಎಂದುಬಿಟ್ಟರು ಸಾಹೇಬರು, ತಮಗೇ ತಿಳಿಯದೆ. ಕೂಡಲೇ ಮುಖ ಬಿಗಿದು, “ನನ್ನ ಕೋಣೇಲಿ ಗೋಡೆ ಖಾಲಿ ಇದೆ...” ಎಂದು ಕೈ ಚಾಚಿದರು.

“ಪರೀಕ್ಷೆಗೆ ಹಾಕಿದ ಹಾಳೆ ಸಾರ್, ಬಾಲದ ಹತ್ರ ಗೆರೆ ಬಿದ್ದಿದೆ,” ಎಂದು ಅಕ್ಕ ನಡುವೆ ನುಗ್ಗಿದಳು. “ಏನಪ್ಪಾ, ಸಾಹೇಬರ ಗೋಡೆಗೆ ಇಂಥದ್ದು ಹಾಕೋಕಾಗುತ್ತಾ? ತಗೊಂಡ್ಹೋಗಿ ಎಲ್ಲಾದ್ರೂ ಬಿಸಾಕು!”

ಗುಮಾಸ್ತ ಅದನ್ನು ಬಿಸಾಕುವ ಮುಖ ಮಾಡಿಕೊಂಡು ಎದೆಗವಚಿಕೊಂಡ.

ವರದಿ ನೀಲಿಯಲ್ಲಿ ಹೋಯಿತು. ಹೋದ ಮೇಲೆ ಸಾಹೇಬರು ಅವನನ್ನು ಕರೆದು ತೀರ್ಪು ಕೊಟ್ಟರು. “ಇವತ್ತಿಂದ ಆ ಮಿಷನ್ನು ನಿಮ್ಮ ಜವಾಬ್ದಾರಿ. ಕಪ್ಪು ಇಂಕು ಬರೋವರೆಗೆ ಒಂದು ಹಾಳೆನೂ ಹೊರಗೆ ಬರಕೂಡದು. ಯಾರೇ ಮುಟ್ಟಿದ್ರೂ ನಿಮ್ಮನ್ನೇ ಕೇಳ್ತೀನಿ. ನೀವು ಮುಟ್ಟಿದ್ರೂ ನಿಮ್ಮನ್ನೇ ಕೇಳ್ತೀನಿ. ಆ ರದ್ದಿಯನ್ನೂ ಮನೆಗೆ ಹೊತ್ಕೊಂಡು ಹೋಗಿ, ನನ್ನ ಕಣ್ಣಿಗೆ ಬೀಳಬಾರದು.”

ಹೆಗಲಿಗೆ ರದ್ದಿಯ ಚೀಲ, ಕೈಯಲ್ಲಿ ಸುರುಳಿ ಸುತ್ತಿದ ಗಿಳಿ. ಚೀಲದ ಭಾರಕ್ಕೆ ಒಂದು ಕಡೆಗೆ ವಾಲಿದ್ದರೂ ಗುಮಾಸ್ತ ಮನೆಯ ಬೀದಿಗೆ ತಿರುಗುವಾಗ ಪದಕ ಗೆದ್ದವನ ಹಾಗೆ ನಡೆಯುತ್ತಿದ್ದ.

“ಎಲ್ಲಿ ನನ್ನ ಕೂಸು? ಬಾ ಇಲ್ಲಿ! ಯಾರು ತರಲ್ಲ ಅಂದಿದ್ದು?” ಎಂದು ಹೆಂಡತಿಯ ಕಡೆಗೊಂದು ನೋಟ ಎಸೆದು, ಸುರುಳಿಯನ್ನು ಸರ್ರನೆ ಬಿಚ್ಚಿದ. “ಇನ್ಮೇಲೆ ಆ ಮಿಷನ್ನಿಗೆ ನಾನೇ ಯಜಮಾನ, ಗೊತ್ತಾ?”

ಮಗಳು ಗಿಳಿಯನ್ನು ನೋಡಿದಳು. ಕಣ್ಣರಳಿತು. ಆಮೇಲೆ ತುಟಿ ಮೆಲ್ಲಗೆ ಕೆಳಗಿಳಿಯಿತು.

“ಅಪ್ಪಾ, ಇದಕ್ಕೆ ಆಗ್ಲೇ ಬಣ್ಣ ಬಂದ್ಬಿಟ್ಟಿದೆ.”

“ಮತ್ತೆ? ಬಣ್ಣದ್ದೇ ತಾನೇ ಕೇಳಿದ್ದು?”

“ಮಿಸ್ಸು ಬಣ್ಣ ಬೇಡ ಅಂದಿದಾರೆ. ಬರೀ ಕಪ್ಪು ಗೆರೇದು ಬೇಕು. ಬಣ್ಣ ನಾವೇ ತುಂಬ್ಬೇಕು. ಯಾರ ಗಿಳಿ ಚೆನ್ನಾಗಿರುತ್ತೋ ಅದನ್ನ ಗೋಡೆಪತ್ರಿಕೆಗೆ ಹಾಕ್ತಾರೆ.” ಮಗಳು ಮೂಗೆಳೆದಳು. “ಬೆಳಿಗ್ಗೆ ಹೇಳಕ್ಕೆ ಬಂದೆ. ನೀನು ಮಧ್ಯದಲ್ಲೇ ಮುಗಿಸ್ಬಿಟ್ಟೆ.”

ಹೆಂಡತಿ ಫೋನು ತೆಗೆದು ಅವನ ಮೂಗಿನ ಮುಂದೆ ಹಿಡಿದಳು. ಬಿಳಿಯ ಮೇಲೆ ಕಪ್ಪು ಗೆರೆಯ ಗಿಳಿ. ಆಫೀಸಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಯಾವತ್ತು ಬೇಕಾದರೂ ಬರುತ್ತಿದ್ದ ಕಪ್ಪು, ಇವತ್ತು ಇಡಿಯಾಗಿ ಅವನ ಹೆಗಲ ಚೀಲದಲ್ಲಿತ್ತು.

“ಒಂದೇ ಅಲ್ಲ ಅಪ್ಪಾ,” ಎಂದಳು ಮಗಳು, “ಇಡೀ ಕ್ಲಾಸಿಗೆ. ಎಲ್ಲಾರಿಗೂ ಒಂದೊಂದು ತರ್ತಾರೆ ಅಂದಿದೀನಿ.”

ಗುಮಾಸ್ತ ಚೀಲವನ್ನು ಇಳಿಸಲೂ ಇಲ್ಲ. ಹೆಂಡತಿಯ ಫೋನನ್ನು ಜೇಬಿಗೆ ಹಾಕಿ, ಮಗಳ ಕೈ ಹಿಡಿದು, “ನಡಿ. ಅಂಗಡಿಯವನು ಬಾಗಿಲು ಹಾಕೋದ್ರೊಳಗೆ ಹೋಗೋಣ. ಹಠ ಅಂದ್ರೆ ಹಠ. ಗಿಳಿ ಇಲ್ಲದೆ ಇವತ್ತು ನಾನು ಊಟಕ್ಕೆ ಕೂರಲ್ಲ!” ಎಂದು ಹೊರಟ.

“ಬೆಳಿಗ್ಗೆನೇ ಹೇಳಿದ್ದೆ,” ಎಂದು ಹಿಂದಿನಿಂದ ಹೊಲಿಗೆ ಯಂತ್ರ ಶುರುವಾಯಿತು.

ಅಂಗಡಿಯವನು ಬಾಗಿಲನ್ನು ಅರ್ಧ ಎಳೆದಿದ್ದ. ಗುಮಾಸ್ತನ ಮುಖ ನೋಡಿ ಮತ್ತೆ ಮೇಲೆತ್ತಿದ. ಗೆರೆಯ ಗಿಳಿಯನ್ನು ಫೋನಿನಿಂದ ತನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡ. “ಒಂದು ನಿಮಿಷದ ಕೆಲಸ ಸಾರ್. ಮಧ್ಯಾಹ್ನ ತಾನೇ ಹೊಸ ಕಪ್ಪು ಇಂಕು ಹಾಕಿದೀನಿ. ನಾಳೆ ಬೆಳಿಗ್ಗೆ ಕಾಲೇಜು ಮಕ್ಕಳು ಬರ್ತಾರೆ ಅಂತ ಕಾಗದಾನೂ ಭರ್ತಿ ತುಂಬಿದೀನಿ,” ಎನ್ನುತ್ತ ಮೂಲೆಗೆ ಇಳಿಬಿಟ್ಟಿದ್ದ ಬಟ್ಟೆ ಸರಿಸಿದ.

ಅಲ್ಲಿ ಮಲಗಿದ ಎಮ್ಮೆಯಷ್ಟು ದೊಡ್ಡದಾಗಿ, ಗುಮಾಸ್ತನಿಗೆ ಬಹಳ ಚೆನ್ನಾಗಿ ಗುರುತಿದ್ದ ಒಂದು ಮಿಷನ್ನು ಕೂತಿತ್ತು. ಅದರ ಪರದೆಯ ಮೇಲೆ ಉದ್ದದ ಬರಹವೊಂದು ಬಂದು ಕಾಯುತ್ತಿತ್ತು. ಅಂಗಡಿಯವನು ಅದನ್ನು ಓದದೆ ‘ಓಕೆ’ ಒತ್ತಿ ಸಾಗಹಾಕಿದ. ಮಿಷನ್ನು ಸ್ವಲ್ಪ ಹೊತ್ತು ಗೊರಗುಟ್ಟಿ, ಎದ್ದು, ಸುಮ್ಮನಾಯಿತು.

“ರೀ, ನಿಲ್ಲಿ!” ಗುಮಾಸ್ತ ಕೈ ಅಡ್ಡ ಹಿಡಿದ. “ಒತ್ತಬೇಡಿ! ಮೊದಲು ಅದರಲ್ಲಿ ಏನು ಬರೆದಿದೆ ಅಂತ...”

“ಗೊತ್ತು ಬಿಡಿ ಸಾರ್!” ಎಂದು ಅಂಗಡಿಯವನು ಅವನ ಮಾತನ್ನು ತಾನೇ ಮುಗಿಸಿದ. “ನನಗೆ ಕಣ್ಣು ಮುಚ್ಕೊಂಡು ಬರುತ್ತೆ.” ಅವನ ಬೆರಳು ಹಾರಿತು. ಮೇಲಿಂದ ಮೂರನೇದು, ಒಳಗೆ ಕೊನೇದು, ಆಮೇಲೆ ಹಸಿರು.

ಮಿಷನ್ನು ಗುಂಯ್‌ಗುಟ್ಟಿತು. ಮೊದಲ ಹಾಳೆ ಹೊರಗೆ ತಲೆಹಾಕಿತು. ಅದರ ಮೇಲೆ ಬೆಲ್ಲಕ್ಕೆ ಮುತ್ತಿದಂತೆ ಕಪ್ಪು ಇರುವೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

ಮಗಳು ಅಪ್ಪನ ಅಂಗಿ ಜಗ್ಗಿದಳು.

“ಅಪ್ಪಾ, ನಿಲ್ಲು ಅಂತ ಹೇಳು ಅದಕ್ಕೆ. ನಿನ್ನ ಮಾತು ಕೇಳುತ್ತಲ್ಲಾ!”